ನಿಧಿಚಿಹ್ನೆಗಳೂ ಶಿಲಾಲೇಖಗಳ ಅರ್ಥನಿರ್ಣಯವೂ

ಊರ ಮುಂದಣ ಕಲ್ಲುಗಳಲ್ಲಿ ಕಾಣುವ ಸೂರ್ಯಚಂದ್ರರು, ಹಾವು, ತ್ರಿಶೂಲ, ಎತ್ತಿದ ಕೈ ಮೊದಲಾದ ಚಿಹ್ನೆಗಳನ್ನು ಭೂಗತದ್ರವ್ಯದ ಸಂಕೇತಗಳೆಂದು ಭಾವಿಸಿ, ಅವು ತೋರಿಸುವ ದಾರಿಯಲ್ಲಿ ನೆಲವನ್ನಗೆಯುವ ರೂಢಿಯು ಕನ್ನಡ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಸೀಮೆಯಂತೂ ಹಳೆಯ ರಾಜಧಾನಿಯ ನೆರಳಿನಲ್ಲಿರುವುದರಿಂದ ಇಂತಹ ಕಲ್ಪನೆಗಳಿಗೆ ಸಹಜವಾದ ಆಶ್ರಯವಾಗಿದೆ. ಇದನ್ನು ಕೇವಲ ಲೋಭವೆಂದು ತಳ್ಳಿಬಿಡುವುದು ಸುಲಭ. ಆದರೆ ಇದು ಮೂಲತಃ ಒಂದು ವಾಚನಕ್ರಮವಾಗಿದೆ. ಚಿಹ್ನೆಗೆ ಅರ್ಥವನ್ನು ಹಚ್ಚುವ ವ್ಯಾಪಾರವಾಗಿದೆ. ಆದುದರಿಂದ ಇದರ ಪರೀಕ್ಷೆಯು ಸಾಹಿತ್ಯವಿಮರ್ಶಕರ ಕರ್ತವ್ಯದೊಳಗೇ ಸೇರತಕ್ಕದ್ದು.

ಈ ವಾಚನಕ್ರಮದ ಪೂರ್ವಪಕ್ಷವು ಮೂರು ಹೇತುಗಳನ್ನವಲಂಬಿಸಿದೆ. ಶಾಸನಗಳೇ ನಿಧಿಯನ್ನೂ ನಿಕ್ಷೇಪವನ್ನೂ ಹೆಸರಿಸುತ್ತವೆ ಎಂಬುದು ಮೊದಲನೆಯದು. ಶ್ರಮಪಟ್ಟು ಕಂಡರಿಸಿದ ಚಿಹ್ನೆಯು ನಿಷ್ಪ್ರಯೋಜನವಾಗಿರಲಾರದು ಎಂಬುದು ಎರಡನೆಯದು. ಯುದ್ಧಗಳಲ್ಲಿ ಬೆಂದ ಸಿರಿವಂತ ನಾಡಿನ ನೆಲದಲ್ಲಿ ಹೊನ್ನು ಉಳಿದಿರಲೇಬೇಕು, ಅಲ್ಲಿಯ ಸುರಂಗಗಳೇ ಅದಕ್ಕೆ ಸಾಕ್ಷಿ ಎಂಬುದು ಮೂರನೆಯದು.

ಮೊದಲನೆಯ ಹೇತುವನ್ನು ವಿಚಾರಿಸೋಣ. ದಾನಶಾಸನಗಳಲ್ಲಿ ‘ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ’ ಎಂಬ ಅಷ್ಟಭೋಗಗಳ ಎಣಿಕೆಯು ಬರುತ್ತದೆ. ಇದು ದಾನ ಪಡೆದವನಿಗೆ ಭೂಮಿಯಲ್ಲಿ ಸಲ್ಲುವ ಸ್ವಾಮ್ಯಗಳ ಪಟ್ಟಿಯೇ ಹೊರತು ಆ ಭೂಮಿಯೊಳಗಿರುವ ಪದಾರ್ಥಗಳ ಪಟ್ಟಿಯಲ್ಲ. ಮುಂದೆ ನಿಧಿಯು ದೊರೆತರೆ ಅದೂ, ನೀರು ಕಲ್ಲುಗಳಿದ್ದರೆ ಅವೂ, ಇಂದು ಬೆಳೆಯುವ ನೆಲವೂ, ಮುಂದೆ ಸಾಗುವಳಿಗೆ ಬರಬಹುದಾದ ನೆಲವೂ ಅವನಿಗೇ ಸೇರಿದುವು ಎಂಬುದು ತಾತ್ಪರ್ಯ. ಆಗಾಮಿ, ಸಾಧ್ಯ ಎಂಬ ಶಬ್ದಗಳು ಇನ್ನೂ ಇಲ್ಲದುದನ್ನೇ ಹೇಳುತ್ತವೆಯಷ್ಟೆ. ಹೀಗಿರಲು ಅದೇ ವಾಕ್ಯದಲ್ಲಿರುವ ನಿಧಿಶಬ್ದವೊಂದನ್ನು ಮಾತ್ರ ಬೇರ್ಪಡಿಸಿ, ‘ಇಲ್ಲಿ ಹೊನ್ನಿದೆ’ ಎಂದು ಅರ್ಥಮಾಡುವುದು ವಾಕ್ಯಭೇದದೋಷವೇ ಸರಿ. ಮೇಲಾಗಿ, ಈ ಎಣಿಕೆಯು ನಾಡಿನ ಅನೇಕ ಶಾಸನಗಳಲ್ಲಿ ಒಂದೇ ಅಚ್ಚಿನಲ್ಲಿ ಬರುತ್ತದೆ. ಎಲ್ಲ ಕಡೆಯಲ್ಲಿಯೂ ಇರುವ ಮಾತು ಯಾವ ಒಂದು ಕಡೆಯ ಗುರುತೂ ಆಗಲಾರದು.

ನಿಧಿಶಬ್ದದ ಶಾಸ್ತ್ರಾರ್ಥವನ್ನು ನೋಡಿದರೂ ಇದೇ ಸಿದ್ಧವಾಗುತ್ತದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ನೆಲದಲ್ಲಿ ಬಹುಕಾಲದ ಹಿಂದೆ ಹೂಳಲ್ಪಟ್ಟ ಸುವರ್ಣಾದಿಗಳೇ ನಿಧಿಯೆಂದು ವ್ಯಾಖ್ಯಾನಿಸುತ್ತಾನೆ. ನಿಧಿಯನ್ನು ಕಂಡೂ ರಾಜನಿಗೆ ತಿಳಿಸದವನು ಸಿಕ್ಕಿಬಿದ್ದರೆ ಅವನಿಂದ ನಿಧಿಯನ್ನೂ ದಂಡವನ್ನೂ ತೆಗೆದುಕೊಳ್ಳಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಮುಂಬಯಿ ಪ್ರಾಂತದಲ್ಲಿದ್ದ ವಿಜಯಪುರಕ್ಕೆ ಅನ್ವಯಿಸಿದ 1878ರ ನಿಧಿಕಾಯಿದೆಯೂ ಹತ್ತು ರೂಪಾಯಿಗೆ ಮೀರಿದ ದ್ರವ್ಯವು ದೊರೆತರೆ ಕಲೆಕ್ಟರಿಗೆ ತಿಳಿಸಬೇಕೆಂದೇ ಕಟ್ಟುಮಾಡಿತು. ಹೀಗೆ ಧರ್ಮಶಾಸ್ತ್ರವು ನಿಧಿಯನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ವಿಚಾರಿಸುವುದು ದೊರೆತ ನಿಧಿಯ ವಿಭಾಗವನ್ನು, ದೊರೆಯದ ನಿಧಿಯ ಶೋಧನವನ್ನಲ್ಲ.

ಎರಡನೆಯ ಹೇತುವಿಗೆ ಸಮಾಧಾನ: ಚಿಹ್ನೆಯು ನಿಷ್ಪ್ರಯೋಜನವಲ್ಲವೆಂಬುದು ನಿಜ, ಆದರೆ ಪ್ರಯೋಜನವು ಬೇರೆ. ಸೂರ್ಯಚಂದ್ರರು ದಾನವು ಆಚಂದ್ರಾರ್ಕವಾಗಿ ನಿಲ್ಲಲೆಂಬುದರ ರೂಪಗಳು. ಲಿಂಗಮುದ್ರೆಯ ಕಲ್ಲು ಶಿವಾಲಯದ ಭೂಮಿಯನ್ನೂ, ವಾಮನಮುದ್ರೆಯು ವೈಷ್ಣವ ಅಥವಾ ಬ್ರಾಹ್ಮಣರ ಭೂಮಿಯನ್ನೂ, ಮುಕ್ಕೊಡೆಯು ಜಿನಾಲಯದ ಭೂಮಿಯನ್ನೂ ಗುರುತಿಸುತ್ತವೆ. ಬಳೆ ತೊಟ್ಟು ಮೇಲೆತ್ತಿದ ಕೈಯು ಮಹಾಸತಿಯ ಕೈ. ಅದು ಯಾವ ದಿಕ್ಕನ್ನೂ ತೋರಿಸುವುದಿಲ್ಲ. ನಾಗಶಿಲೆಯು ಪೂಜೆಗಾಗಿ ನಿಲ್ಲಿಸಿದ್ದು, ಕಾವಲಿಗಾಗಿ ಅಲ್ಲ. ಅಕ್ಷರ ಬಾರದವನಿಗೂ ಅರ್ಥವಾಗಲೆಂದು ಹಿರಿಯರು ಈ ಚಿಹ್ನೆಗಳನ್ನು ನೆಟ್ಟ ನಡು ಬಯಲಲ್ಲಿ ಕೆತ್ತಿಸಿದರು. ಬಚ್ಚಿಡಬೇಕೆಂಬವನು ಸರ್ವಜನರ ಕಣ್ಣಿಗೆ ಬೀಳುವ ಕಲ್ಲಿನಲ್ಲಿ ಗುರುತು ಹಾಕುವನೇ? ಗೋಪನವೂ ಪ್ರಕಟನವೂ ಏಕತ್ರ ಇರಲಾರವು. ನಿಧಿಶೋಧಕನು ಅಭಿಧೆಯಿಂದಲೇ ಸಿದ್ಧಿಸುವ ಅರ್ಥವನ್ನು ಬಿಟ್ಟು, ಮುಖ್ಯಾರ್ಥಬಾಧೆಯಿಲ್ಲದ ಕಡೆಯಲ್ಲಿ ಲಕ್ಷಣೆಯನ್ನು ಆಶ್ರಯಿಸುತ್ತಾನೆ. ಆಲಂಕಾರಿಕರು ಒಪ್ಪದ ಕ್ರಮವಿದು.

ಮೂರನೆಯ ಹೇತುವಿನಲ್ಲಿ ಇತಿಹಾಸದ ಅಂಶವಿದೆಯಾಗಿ ಅದು ಹೆಚ್ಚು ಗೌರವಕ್ಕೆ ಪಾತ್ರವಾಗಿದೆ. 1565ರ ರಕ್ಕಸತಂಗಡಿಯ ಯುದ್ಧದ ತರುವಾಯ ಅಪಾರ ದ್ರವ್ಯವು ಆದಿಲಶಾಹಿಯ ಕೈಸೇರಿತು. 1686ರಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದುಕೊಂಡನು. ನಡುವಣ ಕಾಲದ ಐಶ್ವರ್ಯವು ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರವು ನೆಲದ ಮೇಲೆಯೇ ನಿಂತಿದೆ: ಕೋಟೆಯ ಗೋಡೆ, ಜಾಮಿ ಮಸೀದಿ, ಗೋಲಗುಮ್ಮಟ. ನೆಲದ ಕೆಳಗೆ ಇರುವುದಾದರೂ ನೀರಿನ ದಾರಿ. ತಿಕೋಟಾಕ್ಕೆ ಹೋಗುವ ಹಾದಿಯಲ್ಲಿರುವ ತೊರವಿಯಿಂದ ನಗರಕ್ಕೆ ನೀರು ತರಲು ಆದಿಲಶಾಹಿ ಅರಸರು ಬಂಡೆಯನ್ನು ಕೊರೆದು ಸುರಂಗಮಾರ್ಗವನ್ನು ಮಾಡಿಸಿದರು. ಸುರಂಗಬಾವಿಯು ಅದರ ಅಂಗ. ಗಾಳಿ ಬೆಳಕುಗಳಿಗಾಗಿಯೂ ಹೂಳು ತೆಗೆಯುವುದಕ್ಕಾಗಿಯೂ ಆ ಮಾರ್ಗದುದ್ದಕ್ಕೂ ಅಲ್ಲಲ್ಲಿ ಲಂಬವಾದ ಬಾಯಿಗಳನ್ನು ಬಿಟ್ಟಿದ್ದಾರೆ. 1651ರ ಬೇಗಮ್ ತಲಾಬಿನಿಂದ ಬರುವ ಮಣ್ಣಿನ ಕೊಳವೆಗಳ ನೀರಿನ ಒತ್ತಡವನ್ನು ಹತೋಟಿಯಲ್ಲಿಡಲು ಗಂಜ್ ಎಂಬ ಗೋಪುರಗಳನ್ನು ಕಟ್ಟಿಸಿದರು. ಗಂಜ್ ಎಂಬ ಪಾರಸಿ ಶಬ್ದಕ್ಕೆ ಭಂಡಾರ, ನಿಧಿ ಎಂಬ ಅರ್ಥವೂ ಉಂಟು! ಸಾಲಾಗಿ ಕಾಣುವ ಬಾಯಿಗಳು, ಒಂಟಿಯಾಗಿ ನಿಂತ ಗೋಪುರ, ಅದರ ಹೆಸರು—ಇವು ಮೂರೂ ಕೂಡಿದ ಮೇಲೆ ನಿಧಿಯ ಕಥೆ ಹುಟ್ಟುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಬಬಲೇಶ್ವರದ ಕಡೆಯ ಮಮದಾಪುರದ ಕೆರೆಯೂ ಮಹಮ್ಮದ ಆದಿಲಶಾಹನ (1627–1656) ಕಾಲದ ಇಂತಹದೇ ಜಲಕಾರ್ಯ.

ಇಲ್ಲಿ ವರಾಹಮಿಹಿರನ ಬೃಹತ್ಸಂಹಿತೆಯು ನೆನಪಿಗೆ ಬರತಕ್ಕದ್ದು. ದಕಾರ್ಗಲಾಧ್ಯಾಯದಲ್ಲಿ ಅವನು ಗಿಡಮರ, ಹುತ್ತ, ಮಣ್ಣುಗಳ ಲಕ್ಷಣಗಳಿಂದ ಅಂತರ್ಜಲವನ್ನು ತಿಳಿಯುವ ಬಗೆಯನ್ನು ವಿಸ್ತರಿಸಿದ್ದಾನೆ. ಹುಲ್ಲಿಲ್ಲದ ಎಡೆಯಲ್ಲಿ ಹುಲ್ಲು ಕಂಡರೆ, ಮುಳ್ಳಿಲ್ಲದ ಮರಗಳ ನಡುವೆ ಮುಳ್ಳುಮರ ಕಂಡರೆ ಕೆಳಗೆ ನೀರು, ಇಲ್ಲವೆ ಧನ ಎಂದು ವಿಕಲ್ಪವಾಗಿ ಹೇಳಿದ್ದಾನೆ. ಅಧ್ಯಾಯದ ಬಹುಭಾಗವು ನೀರಿನ ವಿಚಾರ. ಧನದ ಮಾತು ಪ್ರಾಸಂಗಿಕ. ನಿಧಿಶೋಧಕರು ವಿಕಲ್ಪದ ಎರಡನೆಯ ಪಕ್ಷವನ್ನೇ ಹಿಡಿದು ಪ್ರಕರಣವನ್ನು ಮರೆತರು. ಮಳೆಯ ಅಭಾವದ ಈ ಸೀಮೆಗೆ ಮೊದಲನೆಯ ಪಕ್ಷವೇ ಹೆಚ್ಚು ಹಿತವಾದುದು.

ಕನ್ನಡ ಕವಿಗಳ ಮನೋಧರ್ಮವೂ ವಿಚಾರಾರ್ಹ. ಅಕ್ಕಮಹಾದೇವಿಯು ಭೂಗತನಿಧಿಯನ್ನು ಅಗೋಚರನಾದ ಚೆನ್ನಮಲ್ಲಿಕಾರ್ಜುನನಿಗೆ ಹೋಲಿಕೆಯಾಗಿ ತಂದಳು. ಹರಿಹರನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ವಿರಹದಿಂದ ಕಾಲುಗುರಿನಲ್ಲಿ ನೆಲವನ್ನು ಕೆರೆಯುತ್ತಿರುವಾಗ ಹೊನ್ನಕಳಸವೊಂದು ಗೋಚರಿಸುತ್ತದೆ. ಅಗೆದರೆ ದೇಗುಲ, ಒಳಗೆ ಹೊನ್ನಿನ ಕೊಪ್ಪರಿಗೆಯಿಲ್ಲ, ಶಿವಯೋಗದಲ್ಲಿ ಕುಳಿತ ಅನಿಮಿಷಯ್ಯನಿದ್ದಾನೆ. ಕಳಸವು ಇಲ್ಲಿ ಹೊನ್ನಾಗಿಯೂ ಹೊನ್ನಿಗಾಗಿ ಅಲ್ಲ. ತನ್ನ ಕೆಳಗಿರುವ ಸಮಗ್ರದೇಗುಲದ ಸೂಚಕ. ಚಿಹ್ನೆಯನ್ನು ಅದರ ಅಂಗಿಯೊಡನೆ ಓದಬೇಕೆಂಬ ನ್ಯಾಯಕ್ಕೆ ಇದಕ್ಕಿಂತ ಸುಂದರವಾದ ನಿದರ್ಶನವು ದುರ್ಲಭ.

ಈ ತಪ್ಪುವಾಚನವು ಓದುವವನಿಗೆ ಮಾತ್ರ ಹಾನಿಯಾಗಿದ್ದರೆ ಉಪೇಕ್ಷಿಸಬಹುದಾಗಿತ್ತು. ಆದರೆ ಇಲ್ಲಿ ಓದುವವನು ಓದಿದ ಗ್ರಂಥವನ್ನೇ ನಾಶಮಾಡುತ್ತಾನೆ. ಹಸ್ತಪ್ರತಿಯು ಹರಿದರೆ ಬೇರೊಂದು ಪ್ರತಿ ದೊರೆಯಬಹುದು. ಶಿಲಾಶಾಸನಕ್ಕೆ ಎರಡನೆಯ ಪ್ರತಿ ಸಾಮಾನ್ಯವಾಗಿ ಇರುವುದಿಲ್ಲ. ಸೀಮಾಶಿಲೆಯ ಅರ್ಥವಂತೂ ಅರ್ಧ ಕೆತ್ತನೆಯಲ್ಲಿ, ಅರ್ಧ ಸ್ಥಾನದಲ್ಲಿ ಇದೆ. ಒಡೆಯದೆ ಕಿತ್ತು ಪಕ್ಕಕ್ಕಿಟ್ಟರೂ ಅದು ಮೂಕವಾಗುತ್ತದೆ.

ಆದುದರಿಂದ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಶಾಸನವನ್ನು ಪಾಠ ಹೇಳುವಾಗ ಅಕ್ಷರಗಳೊಡನೆ ಚಿಹ್ನೆಗಳನ್ನೂ ಓದಿಸಬೇಕು. ಅಷ್ಟಭೋಗಗಳ ಸೂತ್ರವನ್ನು ಪೂರ್ತಿಯಾಗಿ ಬಿಡಿಸಿ ಹೇಳಬೇಕು. ತಮ್ಮ ಊರಿನ ಕಲ್ಲುಗಳ ಸ್ಥಾನ, ದಿಕ್ಕು, ಪಾಠಗಳನ್ನು ಇದ್ದೆಡೆಯಲ್ಲಿಯೇ ಬರೆದಿಡಿಸಬೇಕು. ಮುಕ್ಕೊಡೆಯ ಅರ್ಥವನ್ನು ಬಲ್ಲ ಹುಡುಗನೊಬ್ಬನು ಊರಲ್ಲಿದ್ದರೆ, ಆ ಕಲ್ಲಿನ ಬುಡಕ್ಕೆ ಗುದ್ದಲಿ ಬೀಳುವ ಮೊದಲು ಬೇಡವೆನ್ನುವ ಮಾತೊಂದಾದರೂ ಹೊರಡುವುದು.