ಕಣ್ಣು ಮುಚ್ಚಿಸಿ ಕಲಿಸಿದ ಟೀಚರ್

ಮರಿಯನ್ ರಿಚರ್ಡ್‌ಸನ್ ಅವರ ‘ಆರ್ಟ್ ಅಂಡ್ ದಿ ಚೈಲ್ಡ್’ ಹೊರಬಂದದ್ದು 1948ರಲ್ಲಿ, ಅವರು ತೀರಿಕೊಂಡ ಎರಡು ವರ್ಷಕ್ಕೆ. ಮಕ್ಕಳಿಗೆ ಚಿತ್ರ ಕಲಿಸುವವರು ಓದಲೇಬೇಕಾದ ಪುಸ್ತಕ. ಆದರೆ ಅವರಿಗೆ ಹೆಸರು ತಂದ ಪಾಠಕ್ರಮದ ಬಗ್ಗೆಯೇ ನನ್ನ ತಕರಾರಿದೆ.

1912ರಲ್ಲಿ, ಇಪ್ಪತ್ತರ ಹರೆಯದಲ್ಲಿ, ರಿಚರ್ಡ್‌ಸನ್ ಇಂಗ್ಲೆಂಡಿನ ಡಡ್ಲಿಯ ಹೆಣ್ಣುಮಕ್ಕಳ ಪ್ರೌಢಶಾಲೆಗೆ ಡ್ರಾಯಿಂಗ್ ಟೀಚರಾಗಿ ಬಂದರು. ಕಲ್ಲಿದ್ದಲು, ಕಬ್ಬಿಣದ ಸೀಮೆ ಅದು. ಎದುರಿಗಿಟ್ಟದ್ದನ್ನು ಅಳತೆ ತಪ್ಪದೆ ನಕಲು ಮಾಡಿಸುವುದೇ ಆಗಿನ ಶಾಲೆಗಳ ರೂಢಿ. ಬರ್ಮಿಂಗ್‌ಹ್ಯಾಮಿನಲ್ಲಿ ಅವರ ಗುರು ಕ್ಯಾಟರ್ಸನ್ ಸ್ಮಿತ್ ಸ್ಲೈಡ್ ತೋರಿಸಿ, ಕಣ್ಣು ಮುಚ್ಚಿಸಿ, ನೆನಪಿನಿಂದ ಚಿತ್ರ ಬರೆಸುತ್ತಿದ್ದರು. ಶಿಷ್ಯೆ ಸ್ಲೈಡನ್ನೂ ಕೈಬಿಟ್ಟರು. ಮಕ್ಕಳು ಕಣ್ಣು ಮುಚ್ಚಿ ಕೂತರೆ ಟೀಚರು ಒಂದು ದೃಶ್ಯವನ್ನು ಬರೀ ಮಾತಿನಲ್ಲಿ ಬಣ್ಣಿಸುತ್ತಾರೆ; ಮನಸ್ಸಿನಲ್ಲಿ ಮೂಡಿದ್ದು ಹಾಳೆಗಿಳಿಯುತ್ತದೆ. 1917ರಲ್ಲಿ ವಿಮರ್ಶಕ ರೋಜರ್ ಫ್ರೈ ಈ ಚಿತ್ರಗಳಿಗೆ ಮಾರುಹೋಗಿ ಲಂಡನ್ನಿನ ಒಮೆಗಾ ವರ್ಕ್‌ಶಾಪ್ಸ್‌ನಲ್ಲಿ ಪ್ರದರ್ಶಿಸಿದರು.

ನಾನೂ ಇದನ್ನು ಮಾಡಿ ನೋಡಿದ್ದೇನೆ. ಹನ್ನೊಂದು ಮಕ್ಕಳ ಮುಂದೆ ಜಾತ್ರೆ ಬಣ್ಣಿಸಿದೆ. ತೇರಿನ ತುದಿಯಲ್ಲಿ ಕೆಂಪು ಬಾವುಟ ಎಂದೆ. ಹನ್ನೊಂದು ಹಾಳೆಗಳಲ್ಲೂ ನಟ್ಟನಡುವೆ ತೇರು, ತುದಿಗೆ ಕೆಂಪು ಬಾವುಟ. ಒಬ್ಬಳು ಮಾತ್ರ ನಾನು ಹೇಳದ ಚಪ್ಪಲಿ ರಾಶಿಯನ್ನು ಮೂಲೆಯಲ್ಲಿ ಬಿಡಿಸಿದ್ದಳು, ಒಂದರ ಉಂಗುಷ್ಠ ಕಿತ್ತುಹೋಗಿತ್ತು. ಮಿಕ್ಕದ್ದೆಲ್ಲ ನನ್ನ ಜಾತ್ರೆ, ಚಪ್ಪಲಿಗಳಷ್ಟೇ ಅವಳವು. ಬೋರ್ಡು ನೋಡಿ ನಕಲು ಮಾಡುವುದು ತಪ್ಪಿತು, ಟೀಚರ ಮಾತು ಕೇಳಿ ನಕಲು ಮಾಡುವುದು ಶುರುವಾಯಿತು.

ರಿಚರ್ಡ್‌ಸನ್‌ರ ದೊಡ್ಡತನ ನನಗೆ ಕಾಣುವುದು ಅವರ ‘ಮನೋಚಿತ್ರ’ಗಳಲ್ಲಿ. ಅಲ್ಲಿ ಟೀಚರು ಏನನ್ನೂ ಬಣ್ಣಿಸುವುದಿಲ್ಲ. ಮುಚ್ಚಿದ ಕಣ್ಣಿಗೆ ತಾನಾಗಿ ಕಂಡ ಆಕಾರ, ಬಣ್ಣವನ್ನು ಮಗು ಹಾಳೆಗೆ ತರುತ್ತದೆ. ಅದನ್ನು ಕಂಡದ್ದು ಆ ಮಗು ಒಂದೇ. ಹಾಗಾಗಿ ತಪ್ಪು ತಿದ್ದಲು ಟೀಚರ ಬಳಿ ಮಾದರಿಯೇ ಇಲ್ಲ. ಎಷ್ಟು ಧೈರ್ಯದ ಪಾಠ!

ಮುಂದೆ ಅವರು ಲಂಡನ್ ಡೇ ಟ್ರೇನಿಂಗ್ ಕಾಲೇಜಿನಲ್ಲಿ ಚಿತ್ರಕಲಾ ಶಿಕ್ಷಕರನ್ನು ತಯಾರು ಮಾಡಿದರು. ಬಣ್ಣಿಸುವ ಅವರ ಮಾತಿನ ಮೋಡಿಯನ್ನು ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ. ಮಗು ತಂದದ್ದನ್ನು ನಂಬುವ ಗುಣವನ್ನು ದಾಟಿಸಬಹುದು. ಅಲ್ಲಿ ಅವರಿಂದ ಕಲಿತ ನ್ಯಾನ್ ಯಂಗ್‌ಮನ್ ಗುರುವಿನ ಹೆಜ್ಜೆಯಲ್ಲೇ ಹೆಜ್ಜೆಯಿಡಲಿಲ್ಲ. 1947ರಲ್ಲಿ ‘ಪಿಕ್ಚರ್ಸ್ ಫಾರ್ ಸ್ಕೂಲ್ಸ್’ ಪ್ರದರ್ಶನ ಆರಂಭಿಸಿ, ಕಲಾವಿದರ ಮೂಲಕೃತಿಗಳು ಶಾಲೆಯ ಗೋಡೆಗೇ ಬರುವಂತೆ ಮಾಡಿದರು.

ರಿಚರ್ಡ್‌ಸನ್‌ರ ಕೈಬರಹದ ಪುಸ್ತಕ, 1935ರ ‘ರೈಟಿಂಗ್ ಅಂಡ್ ರೈಟಿಂಗ್ ಪ್ಯಾಟರ್ನ್ಸ್’ಗೆ ಬಣ್ಣಿಸುವ ಮಾತುಗಾರಿಕೆಯ ಹಂಗೇ ಇಲ್ಲ, ಸಾಮಾನ್ಯ ಟೀಚರಿಗೂ ಒದಗುವಂಥದ್ದು. ಮಕ್ಕಳ ಗೀಚಾಟದ ಅಲೆ, ಕಮಾನು, ಸುರುಳಿಗಳನ್ನೇ ಸಾಲುಗಟ್ಟಿಸಿ ಅಕ್ಷರಕ್ಕೆ ಒಯ್ಯುತ್ತಾರೆ. ನಮ್ಮ ದುಂಡನೆಯ ಲಿಪಿಗೆ ಇದು ಇಂಗ್ಲಿಷಿಗಿಂತ ಚೆನ್ನಾಗಿ ಒಗ್ಗೀತು. ನಮ್ಮ ಶಾಲೆಗಳ ನಲಿಕಲಿ ತರಗತಿಯ ಮಗು ಮೊದಲು ಕಲಿಯುವ ‘ರ’ ಅಕ್ಷರವನ್ನೇ ನೋಡಿ: ಒಂದು ಸುತ್ತು, ಮೇಲೊಂದು ತಲೆಕಟ್ಟು. ಆ ಸುತ್ತನ್ನು ಅದರ ಕೈ ಮನೆಯ ಗೋಡೆಯ ಮೇಲೆ ಆಗಲೇ ನೂರು ಸಲ ಗೀಚಿರುತ್ತದೆ.