ಬಸಳೆ ತುಳಸಿಯಾದದ್ದು

ನಮ್ಮೂರಿನ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ದಿನಾ ಬಂದು ಬೀಳುವ ಬರಹಗಳ ಮೇಲೆ ವಿಮರ್ಶೆ ಬರೆಯುತ್ತೇನೆಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ‘ಕಾದಂಬರಿಗೆ ವಿಮರ್ಶೆ ಬರೆಯುತ್ತಾರೆ, ಕವನಕ್ಕೆ ಬರೆಯುತ್ತಾರೆ. ಗುಡ್ ಮಾರ್ನಿಂಗಿಗೂ ಬರೆಯುತ್ತಾರೇನಮ್ಮ?’ ಎಂದಳು ಮಗಳು. ನಕ್ಕರೆ ನಗಲಿ. ನಾನು ವರ್ಷಕ್ಕೆ ಹತ್ತು ಕಾದಂಬರಿ ಓದಿದರೆ ಹೆಚ್ಚು. ಈ ಗುಂಪಿನ ಬರಹವನ್ನಾದರೋ ಹಾಲು ಉಕ್ಕುವ ಮುಂಚೆ ಒಮ್ಮೆ, ಕುಕ್ಕರ್ ಕೂಗುವ ನಡುವೆ ಒಮ್ಮೆ, ರಾತ್ರಿ ದೀಪ ಆರಿಸಿದ ಮೇಲೆ ಇನ್ನೊಮ್ಮೆ ಓದುತ್ತೇನೆ. ನಮ್ಮಂಥ ಊರುಗಳ ಹೆಣ್ಣುಮಕ್ಕಳು ಇವತ್ತು ಅತಿ ಹೆಚ್ಚು ಓದುವುದು ಇದನ್ನೇ. ಅತಿ ಹೆಚ್ಚು ಓದುವುದರ ಬಗ್ಗೆ ಒಂದು ಮಾತೂ ಆಡದೆ, ಯಾರೂ ಓದದ ಪುಸ್ತಕದ ಬಗ್ಗೆ ಹತ್ತು ಪುಟ ಬರೆಯುವುದು ಯಾವ ನ್ಯಾಯ, ನೀವೇ ಹೇಳಿ.

ನಮ್ಮ ಗುಂಪು ಹುಟ್ಟಿದ್ದು 2015ರಲ್ಲಿ. ಆಗ ನಾವು ಹದಿನಾಲ್ಕು ಜನ. ಗ್ರಂಥಾಲಯದಿಂದ ತಂದ ಪುಸ್ತಕಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸುವವರು. ಯಾರ ಮನೆಯಲ್ಲಿ ಯಾವ ಪುಸ್ತಕ ಕೂತಿದೆ ಎಂದು ತಿಳಿಯಲು ಮಾಡಿಕೊಂಡ ಏರ್ಪಾಡು ಅದು. ಮರುವರ್ಷ ಒಂದು ಗುಂಪಿಗೆ 256 ಜನರನ್ನು ಸೇರಿಸಬಹುದೆಂದಾಯಿತು. ಜಾಗ ಇದ್ದ ಮೇಲೆ ಜನ ಬರದಿರುತ್ತಾರೆಯೇ? ನಾದಿನಿಯರು ಬಂದರು, ಬೀಗಿತ್ತಿಯರು ಬಂದರು, ಸೀರೆ ಮಾರುವವರು ಬಂದರು. 2020ರ ಹೊತ್ತಿಗೆ ನಾವು ಇನ್ನೂರ ಹನ್ನೆರಡು. ಪುಸ್ತಕಗಳು ಎಲ್ಲಿ ಕೂತವೋ, ಯಾರೂ ಕೇಳಲಿಲ್ಲ.

ಇಲ್ಲಿನ ಬರಹಗಳನ್ನು ಪ್ರಕಾರಗಳಾಗಿ ವಿಂಗಡಿಸುವುದು ಕಷ್ಟವಲ್ಲ. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ. ಹತ್ತು ಗಂಟೆಗೆ ಮನೆಮದ್ದು. ಮಧ್ಯಾಹ್ನ ನೀತಿಕಥೆ, ಅದರಲ್ಲಿ ಸೊಸೆ ಸಾಮಾನ್ಯವಾಗಿ ಕೊನೆಗೆ ತಪ್ಪೊಪ್ಪಿಕೊಂಡು ಅಳುತ್ತಾಳೆ. ಸಂಜೆ ದೊಡ್ಡವರ ಹೆಸರಿನ ನುಡಿಮುತ್ತು. ಆ ದೊಡ್ಡವರು ಅದನ್ನು ಯಾವ ಪುಸ್ತಕದಲ್ಲಿ ಹೇಳಿದರೆಂದು ಹುಡುಕಹೊರಟರೆ ಕತ್ತಲಾಗುತ್ತದೆ. ಯಾರಾದರೂ ತೀರಿಕೊಂಡರೆ ಮುಗಿದ ಕೈಗಳ ಸಾಲು.

ಇವುಗಳಲ್ಲಿ ನನ್ನ ಪ್ರಕಾರ ನಿಜವಾದ ಸಾಹಿತ್ಯಗುಣ ಇರುವುದು ಅಡುಗೆಯ ಬರಹಕ್ಕೆ. ಯಾಕೆಂದರೆ ಅಲ್ಲಿ ಬರೆದವಳಿಗೆ ಹೆಸರಿದೆ, ಓದಿದವಳಿಗೆ ನಾಲಗೆಯಿದೆ. ‘ನೀವು ಹೇಳಿದ ಹಾಗೇ ಮಾಡಿದೆ ಕಣ್ರೀ, ಗೊಜ್ಜಿಗೆ ಹುಳಿ ಹೆಚ್ಚಾಯ್ತು’ ಎಂದು ಒಬ್ಬಳು ಬರೆದರೆ, ‘ನಿಮ್ಮದು ಹೊಸ ಹುಣಸೆಹಣ್ಣೋ ಹಳೆಯದೋ?’ ಎಂದು ಇನ್ನೊಬ್ಬಳು ಕೇಳುತ್ತಾಳೆ. ವಿಮರ್ಶೆ ಎಂದರೆ ಇದೇ ಅಲ್ಲವೆ? ಹೇಳಿದ್ದನ್ನು ಪರೀಕ್ಷೆ ಮಾಡಿ ನೋಡುವುದು, ಮುಖಕ್ಕೆ ಹೇಳುವುದು, ಉತ್ತರ ಕೇಳಿಸಿಕೊಳ್ಳುವುದು. ಹುಳಿಗೆ ಇಷ್ಟು ಪ್ರಾಮಾಣಿಕರಾದ ನಾವು ಮಿಕ್ಕ ಮಾತುಗಳಿಗೆ ಯಾಕಾಗಲಿಲ್ಲ ಎಂಬುದೇ ನನ್ನ ತಕರಾರು.

ಆ ತಕರಾರು ಹುಟ್ಟಿದ್ದು ಹೀಗೆ.

ಮೊದಲ ಹದಿನಾಲ್ಕು ಜನರಲ್ಲಿ ನಿವೃತ್ತರಾದ ಅಂಗನವಾಡಿ ಟೀಚರಮ್ಮ ಒಬ್ಬರಿದ್ದರು. ಹಿತ್ತಲಿನ ಗಿಡಗಳ ಬಗ್ಗೆ ಆಗೊಮ್ಮೆ ಈಗೊಮ್ಮೆ ಎರಡು ಮೂರು ಸಾಲು ಬರೆಯುತ್ತಿದ್ದರು. 2019ರ ಚಳಿಗಾಲದಲ್ಲಿ ಅವರ ಯಜಮಾನರು ಹೋದರು. 2020ರ ಮಾರ್ಚ್ ಕೊನೆಗೆ ಊರೆಲ್ಲ ಬಾಗಿಲು ಹಾಕಿಕೊಂಡಿತಷ್ಟೆ. ಅವರ ಮಗಳಿಗೂ ಬರಲಾಗಲಿಲ್ಲ. ಏಪ್ರಿಲ್‍ನ ಒಂದು ಬೆಳಿಗ್ಗೆ ಅವರು ಬರೆದದ್ದು ಇಷ್ಟು:

‘ಕಾಫಿಗೆ ಈಗಲೂ ಎರಡು ಲೋಟ ನೀರು ಅಳೆಯುತ್ತೇನೆ. ಆಮೇಲೆ ನೆನಪಾಗುತ್ತದೆ. ಒಂದು ಲೋಟ ತೆಗೆದು ಬಸಳೆಯ ಬುಡಕ್ಕೆ ಹಾಕುತ್ತೇನೆ. ಬಳ್ಳಿ ಚೆನ್ನಾಗಿದೆ.’

ಇದರ ಕೆಳಗೆ ಯಾರೂ ಏನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಓದಿದ್ದು ನೆನಪಿದೆ, ಎದೆಯಲ್ಲಿ ಏನೋ ಚುಚ್ಚಿದಂತಾಗಿ ಬೇಗ ಮುಂದೆ ಸರಿಸಿದ್ದೂ ನೆನಪಿದೆ. ಆಮೇಲೊಮ್ಮೆ ಹಿಂದಕ್ಕೆ ಹೋಗಿ ನೋಡಿದೆ. ಅದರ ಬೆನ್ನಿಗೇ ಆರು ಶುಭೋದಯಗಳಿವೆ, ಒಂದು ಸಂಡಿಗೆಯ ವಿಧಾನವಿದೆ. ಸಂಡಿಗೆಗೆ ಹನ್ನೊಂದು ಉತ್ತರ ಬಂದಿವೆ. ಅದರಲ್ಲಿ ಒಂದು ನನ್ನದು.

ತಿಂಗಳಾದ ಮೇಲೆ ‘ಮನ ಮಿಡಿಯುವ ಬರಹ’ ಎಂಬ ತಲೆಬರಹ ಹೊತ್ತು ಒಂದು ಸಂದೇಶ ಗುಂಪಿಗೆ ಬಂತು. ಮೇಲೆ ಎರಡು ಬಾಣದ ಗುರುತು. ಹೆಂಡತಿಯೊಬ್ಬಳು ಕಾಫಿಗೆ ಎರಡು ಲೋಟ ನೀರಿಟ್ಟು, ಗಂಡನಿಲ್ಲವೆಂದು ನೆನಪಾಗಿ ಕಣ್ಣೀರು ಸುರಿಸಿ, ಒಂದು ಲೋಟವನ್ನು ತುಳಸಿಕಟ್ಟೆಗೆ ಎರೆಯುತ್ತಾಳೆ. ‘ಬಳ್ಳಿ ಚೆನ್ನಾಗಿದೆ’ ಎಂಬ ಮಾತು ಮಾಯವಾಗಿತ್ತು. ಆ ಜಾಗದಲ್ಲಿ, ‘ಬಂಧುಗಳೇ, ಜೊತೆಯಲ್ಲಿರುವಾಗಲೇ ಪ್ರೀತಿಸಿ, ಹೋದ ಮೇಲೆ ಅತ್ತರೇನು ಫಲ? ಇಷ್ಟವಾದರೆ ಹತ್ತು ಜನರಿಗೆ ಕಳಿಸಿ’ ಎಂದಿತ್ತು. ಚಪ್ಪಾಳೆ, ಅಳುಮುಖ, ಕೈಮುಗಿತಗಳು ಸುರಿದವು. ನಾನೂ ಎರಡು ಕೈ ಮುಗಿದೆ. ಅದು ಎಲ್ಲಿಂದ ಹೊರಟದ್ದೆಂದು ನನಗೆ ಹೊಳೆಯಲೇ ಇಲ್ಲ.

ಅರ್ಧ ಗಂಟೆಯಲ್ಲಿ ಟೀಚರಮ್ಮ ಗುಂಪು ಬಿಟ್ಟರೆಂಬ ಸಾಲು ಕಾಣಿಸಿತು. ಆಗೆಲ್ಲ ಯಾರೇ ಬಿಟ್ಟರೂ ಎಲ್ಲರಿಗೂ ಕಾಣುತ್ತಿತ್ತು. ಸದ್ದಿಲ್ಲದೆ ಎದ್ದುಹೋಗುವ ಅನುಕೂಲ ಬಂದದ್ದು 2022ರಲ್ಲಿ. ಆ ಸಾಲು ನೋಡಿದ ಮೇಲೆಯೇ ನನಗೆ ಬಸಳೆ ನೆನಪಾದದ್ದು.

ಈಗ ಎರಡು ಪಾಠಗಳನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಬಸಳೆ ಯಾಕೆ ತುಳಸಿಯಾಯಿತು? ತಿದ್ದಿದವರು ಯಾರೋ ತಿಳಿಯದು, ಆದರೆ ಅವರ ಮನಸ್ಸು ತಿಳಿಯುತ್ತದೆ. ಗಂಡ ಸತ್ತ ಹೆಂಗಸಿನ ದುಃಖ ಪೂಜೆಯಂತಿರಬೇಕು. ಹಿತ್ತಲಿನ ತರಕಾರಿಯ ಬುಡದಲ್ಲಿ ಅದಕ್ಕೆ ಶೋಭೆಯಿಲ್ಲ. ಮೂಲದಲ್ಲಿ ಕಣ್ಣೀರಿಲ್ಲ, ತಿದ್ದಿದ್ದರಲ್ಲಿ ಧಾರಾಳವಾಗಿದೆ. ಅಳದ ವಿಧವೆಯನ್ನು ನಂಬುವುದು ಹೇಗೆ? ಎಲ್ಲಕ್ಕಿಂತ ‘ಬಳ್ಳಿ ಚೆನ್ನಾಗಿದೆ’ ಎಂಬ ಮಾತನ್ನು ಕಿತ್ತದ್ದು ದೊಡ್ಡ ನಷ್ಟ. ಬರಹದ ಜೀವ ಇದ್ದದ್ದೇ ಅಲ್ಲಿ. ಬಸಳೆ ಕೊಯ್ದು ಹುಳಿ ಮಾಡುವಂಥದ್ದು. ಸತ್ತವರ ಪಾಲಿನ ನೀರು ಕುಡಿದ ಬಳ್ಳಿ ಚಿಗುರುತ್ತದೆ, ಉಳಿದವಳು ಅದನ್ನು ಕೊಯ್ದು ಅಡುಗೆ ಮಾಡಿ ಉಣ್ಣುತ್ತಾಳೆ. ಇದು ದುಃಖವೂ ಹೌದು, ಬದುಕುವ ಹಟವೂ ಹೌದು. ತಿದ್ದಿದ ಕೈ ದುಃಖವನ್ನಷ್ಟೆ ಇಟ್ಟುಕೊಂಡು ಹಟವನ್ನು ತೆಗೆದುಹಾಕಿತು. ಒಬ್ಬ ಹೆಂಗಸಿನ ಬದಲು ‘ಹೆಣ್ಣು’ ಉಳಿದಳು.

ನೀವು ಕೇಳಬಹುದು: ನಮ್ಮ ಬೀಸುವ ಹಾಡು, ಕುಟ್ಟುವ ಹಾಡುಗಳನ್ನು ಕಟ್ಟಿದವರ ಹೆಸರು ಯಾರಿಗೆ ಗೊತ್ತು? ವಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಂಗಸರ ಬಾಯಿಂದ ಹಾಡು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಆ ಹಾಡುಗಳೂ ಬಾಯಿಂದ ಬಾಯಿಗೆ ಹೋಗುತ್ತ ಬದಲಾದವುಗಳೇ. ಹಾಗಿದ್ದ ಮೇಲೆ ಇದೂ ಇಂದಿನ ಜಾನಪದವೆಂದು ಯಾಕೆ ತಿಳಿಯಬಾರದು?

ನಾನೂ ಕೆಲವು ದಿನ ಹಾಗೆಯೇ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಒಂದು ವ್ಯತ್ಯಾಸವಿದೆ. ನನ್ನ ಅಜ್ಜಿ ಹಾಡುವಾಗ ಹಾಡಿನೊಳಗಿನ ತವರೂರನ್ನು ತೆಗೆದು ತನ್ನ ತವರೂರಿನ ಹೆಸರು ಹಾಕುತ್ತಿದ್ದಳು. ಅಣ್ಣನ ಜಾಗದಲ್ಲಿ ತನ್ನ ಅಣ್ಣನನ್ನು ತರುತ್ತಿದ್ದಳು. ಹಾಡು ಕೈಬದಲಾದಾಗಲೆಲ್ಲ ಒಬ್ಬಳು ಹೆಂಗಸು ಅದರೊಳಕ್ಕೆ ಬಂದು ಕೂರುತ್ತಿದ್ದಳು. ಕಲ್ಲಿನ ಮುಂದೆ ಅವಳ ಮುಖವಿತ್ತು, ಪಕ್ಕದಲ್ಲಿ ಹಿಟ್ಟು ಒಟ್ಟುವವಳು ಕೇಳಿಸಿಕೊಳ್ಳುತ್ತಿದ್ದಳು. ಇಲ್ಲಿ ಬರಹ ಕೈಬದಲಾದಾಗ ಒಬ್ಬಳು ಹೆಂಗಸು ಹೊರಕ್ಕೆ ಹೋದಳು.

ಆ ಬಾಣದ ಗುರುತಿಗೂ ಒಂದು ಚರಿತ್ರೆಯಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳುಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿ ದೇಶದ ಹಲವೆಡೆ ಅಮಾಯಕರ ಕೊಲೆಗಳಾದವು. ಜುಲೈನಲ್ಲಿ ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲೂ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಬಡಿದು ಕೊಂದಿತು. ಆ ತಿಂಗಳೇ ಮುಂದೆ ಕಳಿಸಿದ ಸಂದೇಶಕ್ಕೆ ಗುರುತು ಬಂತು, ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿ ನಮ್ಮ ದೇಶಕ್ಕೆ ಬಂತು. ಐದು ಕೈ ದಾಟಿದ್ದಕ್ಕೆ ಎರಡು ಬಾಣದ ಗುರುತು ಆಮೇಲೆ ಬಂದದ್ದು. 2020ರ ಏಪ್ರಿಲ್‍ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು. ಒಳ್ಳೆಯದೇ. ಆದರೆ ಬಾಣ ಹೇಳುವುದು ಬರಹ ಎಷ್ಟೋ ಕೈ ದಾಟಿದೆ ಎಂದಷ್ಟೆ. ಬರೆದ ಕೈ ಯಾವುದೆಂದು ಹೇಳುವುದಿಲ್ಲ. ಅದನ್ನು ಕೇಳಬೇಕಾದವರು ನಾವು.

ಹೆಸರೇನು ಮಹಾ ಎನ್ನಬೇಡಿ. ಹೆಣ್ಣಿನ ಬರಹಕ್ಕೆ ಹೆಣ್ಣಿನ ಹೆಸರು ಅಂಟಲು ಕನ್ನಡದಲ್ಲಿ ಸುಮ್ಮನೆ ಆಗಲಿಲ್ಲ. ನಂಜನಗೂಡು ತಿರುಮಲಾಂಬ (1887–1982) ಬಾಲವಿಧವೆ. ಆಕೆ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ತೆರೆದು ತನ್ನ ಹೆಸರಿನಲ್ಲಿ ಪುಸ್ತಕ ತಂದರು, ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ ನಡೆಸಿದರು. ಗಂಡ ಸತ್ತವಳು ಎದುರಿಗೆ ಬಂದರೆ ಅಪಶಕುನವೆನ್ನುತ್ತಿದ್ದ ಕಾಲದಲ್ಲಿ ಅವರ ಹೆಸರು ಮನೆಮನೆಯ ಬಾಗಿಲಿಗೆ ಅಂಚೆಯಲ್ಲಿ ಹೋಯಿತು. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಇವರು ಕಷ್ಟಪಟ್ಟು ಬಾಗಿಲ ಮೇಲೆ ಬರೆದ ಹೆಸರನ್ನು ನಾವು ಹೆಬ್ಬೆರಳಿನಿಂದ ಅಳಿಸುತ್ತಿದ್ದೇವೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನನ್ನೂ ವಿಮರ್ಶೆಗೆ ಒಡ್ಡಿಕೊಳ್ಳಬೇಕು. ಮೂಲ ಬರಹಕ್ಕೆ ನಾನು ಯಾಕೆ ಉತ್ತರಿಸಲಿಲ್ಲ? ಹೊತ್ತಿರಲಿಲ್ಲ ಎನ್ನುವ ಹಾಗಿಲ್ಲ, ಸಂಡಿಗೆಗೆ ಹೊತ್ತಿತ್ತು. ನಿಜ ಹೇಳಬೇಕೆಂದರೆ, ಒಬ್ಬಳು ಒಂದು ನಿಜವಾದ ವಾಕ್ಯ ಬರೆದಾಗ ಉತ್ತರಿಸುವವಳೂ ಒಂದು ನಿಜವಾದ ವಾಕ್ಯ ಬರೆಯಬೇಕಾಗುತ್ತದೆ. ಗುಂಪಿನಲ್ಲಿ ನನ್ನ ನಾದಿನಿಯಿದ್ದಾಳೆ, ಮಗಳ ಅತ್ತೆಯಿದ್ದಾರೆ. ನಾನು ಯಾವ ಸಾಲಿಗೆ ಕಣ್ಣು ತುಂಬಿಕೊಂಡೆ ಎಂದು ಅವರೇಕೆ ತಿಳಿಯಬೇಕು? ಯಾರದೋ ಅನಾಮಿಕ ದುಃಖಕ್ಕಾದರೆ ಕೈಮುಗಿಯುವುದು ಸುಲಭ. ಅಲ್ಲಿ ಯಾರೂ ನಿಮ್ಮನ್ನು ತಿರುಗಿ ನೋಡುವುದಿಲ್ಲ. ಅನಾಮಿಕ ಬರಹದ ಜನಪ್ರಿಯತೆಯ ಗುಟ್ಟು ಬರೆದವರಲ್ಲಿಲ್ಲ, ಅಡಗಿಕೊಳ್ಳಬಯಸುವ ಓದುಗರಲ್ಲಿದೆ. ಹದಿನಾಲ್ಕು ಜನರ ಗುಂಪಿನಲ್ಲಿ ಅಡಗಲು ಜಾಗವಿರಲಿಲ್ಲ, ಇನ್ನೂರರಲ್ಲಿ ಬೇಕಾದಷ್ಟಿತ್ತು.

ಓಡಾಟ ಶುರುವಾದ ಮೇಲೆ ಟೀಚರಮ್ಮನ ಮನೆಗೆ ಹೋದೆ. ಹೇಳಬೇಕಾದ್ದನ್ನು ಜಗಲಿಯಲ್ಲೇ ನಿಂತು ಹೇಳಿಬಿಟ್ಟೆ: ನಿಮ್ಮದನ್ನು ಓದಿಯೂ ಸುಮ್ಮನಿದ್ದೆ, ಅದಕ್ಕೆ ಕೈ ಮುಗಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ‘ಯಾರೂ ಓದಲಿಲ್ಲ ಅಂದುಕೊಂಡಿದ್ದೆ. ಓದಿದ್ದರು ಅಂತ ಗೊತ್ತಾದದ್ದೇ ಕಷ್ಟವಾಯ್ತು’ ಎಂದರು.

ಅವರ ಒಪ್ಪಿಗೆ ಕೇಳಿ ಆ ರಾತ್ರಿ ಗುಂಪಿನಲ್ಲಿ ಬರೆದೆ: ಆ ಬರಹ ಇಂಥವರದು, ಮೂಲ ಹೀಗಿದೆ, ತುಳಸಿಯಲ್ಲ ಬಸಳೆ. ಮೂವರು ಕೈ ಮುಗಿದರು. ಆಮೇಲೆ ಒಂದು ಚಂದ್ರನ ಚಿತ್ರದ ಶುಭರಾತ್ರಿ ಬಂತು, ಮಾತು ಅಲ್ಲಿಗೆ ಮುಗಿಯಿತು. ಈಗ ನಾವು ಒಂಬತ್ತು ಜನ ಬೇರೆ ಗುಂಪು ಮಾಡಿಕೊಂಡಿದ್ದೇವೆ. ತಾನು ಬರೆಯದ್ದನ್ನು ಹಾಕುವಂತಿಲ್ಲ ಎಂಬುದೊಂದೇ ಕಟ್ಟಳೆ. ಅದರಿಂದಾಗಿ ವಾರಗಟ್ಟಲೆ ಒಂದು ಅಕ್ಷರವೂ ಇರುವುದಿಲ್ಲ. ಇರಲಿ. ಹೇಳಲು ಏನೂ ಇಲ್ಲದ ದಿನ ಸುಮ್ಮನಿರುವುದನ್ನೂ ನಾವು ಹೊಸದಾಗಿ ಕಲಿಯಬೇಕಾಗಿದೆ.

ಅವತ್ತು ಹೊರಡುವಾಗ ಟೀಚರಮ್ಮ ಒಂದು ಕಟ್ಟು ಬಸಳೆ ದಂಟು ಕೊಯ್ದು ಕೊಟ್ಟರು. ಅಂಗಳದಲ್ಲಿ ತುಳಸಿಕಟ್ಟೆಯೂ ಇತ್ತು. ನಾನು ಅದನ್ನು ನೋಡಿದ್ದು ಅವರ ಕಣ್ಣಿಗೆ ಬಿತ್ತು.

‘ಅದಕ್ಕೆ ಬೇರೆ ನೀರು ಹಾಕ್ತೀನಿ ಕಣ್ರೀ’ ಎಂದರು.