‘ಕವಿರತ್ನ ಕಾಳಿದಾಸ’ ಚಿತ್ರದಲ್ಲಿ ಮರೆವು

ಕಾಳಿದಾಸನ ವಿಷಯವಾಗಿ ನಿಶ್ಚಯವಾಗಿ ಹೇಳಬಹುದಾದುದು ಅತ್ಯಲ್ಪ. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಯೊಡನೆ ಹೋಲಿಸಿಕೊಂಡಿದ್ದಾನೆ. ಆದುದರಿಂದ ಆ ವೇಳೆಗಾಗಲೇ ಕವಿಯ ಹೆಸರು ಕನ್ನಡನಾಡಿನಲ್ಲಿ ಬೇರೂರಿತ್ತು. ಉಳಿದುದೆಲ್ಲ ದಂತಕಥೆ. ಧಾರಾನಗರದ ಭೋಜನು ಹನ್ನೊಂದನೆಯ ಶತಮಾನದವನು. ಅವನ ಆಸ್ಥಾನದಲ್ಲಿ ಕಾಳಿದಾಸನನ್ನು ಕುಳ್ಳಿರಿಸಿದ್ದು ಬಲ್ಲಾಳನ ‘ಭೋಜಪ್ರಬಂಧ’ದಂತಹ ಬಹು ಈಚಿನ ಗ್ರಂಥಗಳ ಕೆಲಸ. ಕಥೆಗಾರರಿಗೆ ಕಾಲದ ಹಂಗಿಲ್ಲ. 1983ರಲ್ಲಿ ತೆರೆಕಂಡ ‘ಕವಿರತ್ನ ಕಾಳಿದಾಸ’ ಚಲಚ್ಚಿತ್ರವೂ ಈ ದಂತಕಥೆಯನ್ನೇ ಆಶ್ರಯಿಸಿರುವುದರಿಂದ ಅದನ್ನು ಚರಿತ್ರೆಯ ಒರೆಗಲ್ಲಿಗೆ ಹಚ್ಚುವುದು ನಮ್ಮ ಉದ್ದೇಶವಲ್ಲ. ದಂತಕಥೆಗೂ ತನ್ನದೇ ಆದ ಒಂದು ಅರ್ಥವಿರುತ್ತದೆ. ಆ ಅರ್ಥವು ನಮಗೆ ಸಮ್ಮತವೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಮಠದ ಪತ್ರಿಕೆಯಲ್ಲಿ ಸಿನಿಮಾದ ಮಾತೇಕೆಂದು ಕೆಲವು ಹಿರಿಯ ಭಕ್ತರು ಹುಬ್ಬೇರಿಸಬಹುದು. ‘ಶಾಕುಂತಲ’ವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ನೆಂಬ ಬಿರುದು ಪಡೆದ ಬಸವಪ್ಪ ಶಾಸ್ತ್ರಿಗಳು ವೀರಶೈವರು, ರಂಗಭೂಮಿಯ ಆಡುವೆತ್ತರದ ಹೆಸರಾದ ಗುಬ್ಬಿ ವೀರಣ್ಣನವರೂ ವೀರಶೈವರೇ. ಶೃಂಗಾರವೂ ರಂಗವೂ ನಮಗೆ ಹೊರಗಿನವಾಗಿರಲಿಲ್ಲವೆಂಬುದನ್ನು ಅವರು ನೆನಪಿಟ್ಟುಕೊಂಡರೆ ಸಾಕು.

ರೇಣುಕಾ ಶರ್ಮರ ನಿರ್ದೇಶನದ ಈ ಚಿತ್ರಕ್ಕೆ ಪೂರ್ವದಲ್ಲಿಯೇ, 1955ರಲ್ಲಿ, ಕು.ರಾ. ಸೀತಾರಾಮಶಾಸ್ತ್ರಿಗಳ ‘ಮಹಾಕವಿ ಕಾಳಿದಾಸ’ ಬಂದಿತ್ತು. ಹೊನ್ನಪ್ಪ ಭಾಗವತರ್ ಕವಿಯಾಗಿದ್ದ ಆ ಚಿತ್ರ ಬಿ. ಸರೋಜಾದೇವಿಯವರಿಗೆ ಮೊದಲನೆಯದು. ಅದು ನಾಟಕಶಾಲೆಯ ನೆರಳಿನಲ್ಲಿಯೇ ನಡೆದ ಕೃತಿ. 1983ರದು ಅದಕ್ಕಿಂತ ವರ್ಣಮಯ, ಹೆಚ್ಚು ಶೃಂಗಾರಮಯ. ಎಂ. ರಂಗರಾವ್ ಅವರ ಸಂಗೀತವಂತೂ ಚಿತ್ರದ ಅರ್ಧ ಪ್ರಾಣ. ಮೊದಲರ್ಧದ ಮುಗ್ಧ ಕುರಿಗಾಹಿಯ ತೊದಲು ಮಾತಿನಿಂದ ಉತ್ತರಾರ್ಧದ ಆಸ್ಥಾನಕವಿಯ ಗಂಭೀರ ವಾಣಿಗೆ ರಾಜ್‌ಕುಮಾರ್ ಸಾಗುವ ರೀತಿ ಅಸಾಧಾರಣವಾದುದು. ಸಂಸ್ಕೃತ ಶಬ್ದಗಳ ಅಲ್ಪಪ್ರಾಣ ಮಹಾಪ್ರಾಣಗಳನ್ನು ಇಷ್ಟು ಶುದ್ಧವಾಗಿ ನುಡಿದ ನಟರು ನಮ್ಮ ತೆರೆಯಲ್ಲಿ ವಿರಳ. ಶಾಲೆಯ ವಿದ್ಯೆ ಅವರಿಗೆ ದೊರೆತದ್ದು ಸ್ವಲ್ಪವೇ. ನಾಲಗೆ ಹದಗೊಂಡದ್ದು ತಂದೆಯವರೂ ಇದ್ದ ಗುಬ್ಬಿ ಕಂಪನಿಯ ರಂಗದ ಮೇಲೆ. ಈ ಸಂಗತಿಗೆ ಮುಂದೆ ಒಂದು ಪ್ರಯೋಜನವಿದೆ.

ಚಿತ್ರದ ಜೀವಾಳವಿರುವುದು ಮರೆವಿನಲ್ಲಿ. ಮೋಸದಿಂದ ರಾಜಕುಮಾರಿ ವಿದ್ಯಾಧರೆಯನ್ನು ಕೈಹಿಡಿದ ಕುರುಬನಿಗೆ ಕಾಳಿಯ ಅನುಗ್ರಹದಿಂದ ವಿದ್ಯೆ ಲಭಿಸುತ್ತದೆ. ಲಭಿಸಿದೊಡನೆ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ಸತಿಯನ್ನೂ ಆತ ಗುರುತಿಸಲಾರ. ಅನಂತರ ಅದೇ ಚಿತ್ರದೊಳಗೆ ‘ಶಾಕುಂತಲ’ದ ಕಥೆ ಮೂಡಿದಾಗ ರಾಜ್‌ಕುಮಾರರೇ ದುಷ್ಯಂತ, ವಿದ್ಯಾಧರೆಯಾದ ಜಯಪ್ರದಾ ಅವರೇ ಶಕುಂತಲೆ. ಮರೆತವನು ಮರೆವಿನ ನಾಟಕವನ್ನು ಬರೆಯುತ್ತಿದ್ದಾನೆ, ತಾನು ಮರೆತುದು ಮಾತ್ರ ಅವನಿಗೆ ತಿಳಿಯದು. ಈ ಕಲ್ಪನೆ ನಿಜವಾಗಿಯೂ ಸೊಗಸಾದುದು.

ಆದರೆ ಮರೆವಿನಲ್ಲಿಯೂ ಬಗೆಗಳುಂಟು. ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿಯ ದುಷ್ಯಂತ ಎಲ್ಲವನ್ನೂ ಬಲ್ಲವನಾಗಿಯೇ ಶಕುಂತಲೆಯನ್ನು ಸಭೆಯಲ್ಲಿ ನಿರಾಕರಿಸುತ್ತಾನೆ. ಅಶರೀರವಾಣಿಯಾದ ಮೇಲೆ ಒಪ್ಪಿಕೊಳ್ಳುತ್ತಾನೆ. ದುರ್ವಾಸನ ಶಾಪವನ್ನು ತಂದು ನಾಯಕನನ್ನು ದೋಷದಿಂದ ಬಿಡಿಸಿದವನು ಕಾಳಿದಾಸ. ಚಲಚ್ಚಿತ್ರವು ಅದೇ ಉಪಾಯವನ್ನು ಕವಿಯ ಬಾಳಿಗೂ ಅನ್ವಯಿಸಿ ಅವನನ್ನೂ ನಿರ್ದೋಷಿಯಾಗಿಸಿದೆ. ಅಷ್ಟರಿಂದ ನಿಲ್ಲದೆ ಶಾಪದ ಸ್ಥಾನದಲ್ಲಿ ವರವನ್ನೇ ಇಟ್ಟಿದೆ. ಶಾಪದಿಂದ ಬಂದ ಮರೆವಿಗೆ ಪರಿಹಾರ ಹುಡುಕಬೇಕೆಂದು ಎಲ್ಲರೂ ಬಲ್ಲರು. ವರದಿಂದ ಬಂದ ಮರೆವಿಗೆ ಪರಿಹಾರ ಬೇಕೆಂದು ಯಾರಿಗೆ ತೋರೀತು?

ಈ ಪ್ರಶ್ನೆ ನಮ್ಮದಲ್ಲ, ನಮ್ಮ ಸಹಪಾಠಿಯೊಬ್ಬನದು. 1985ರ ಜಾತ್ರೆಯಲ್ಲಿ ಊರ ಹೊರಗಿನ ಟೆಂಟಿನಲ್ಲಿ ಈ ಚಿತ್ರ ಬಂದಾಗ, ಸಂಸ್ಕೃತ ಕವಿಯ ಕಥೆಯೆಂಬ ಕಾರಣಕ್ಕೆ ಪಾಠಶಾಲೆಯ ಹುಡುಗರಿಗೆ ಅಪ್ಪಣೆ ದೊರೆತಿತ್ತು. ಅವನು ಕುರುಬರ ಮನೆಯವನು. ಮಠದ ದಾಸೋಹದಲ್ಲಿ ಉಂಡು, ನಿಲಯದ ಜಗುಲಿಯಲ್ಲಿ ನಮ್ಮೊಡನೆ ಒಂದೇ ಕಂಬಳಿ ಹೊದ್ದು ಮಲಗುತ್ತಿದ್ದವನು. ಕಂಬಳಿ ಅವರ ತಂದೆಯೇ ನೇಯ್ದದ್ದು. ರಾಜಸಭೆಯಲ್ಲಿ ಕುರುಬನ ಪೆದ್ದುತನಕ್ಕೆ ಟೆಂಟು ಬಿರಿಯುವಂತೆ ಜನ ನಕ್ಕಾಗ ಅವನೂ ನಗುತ್ತಿದ್ದ. ಕಾಳಿಯ ಗುಡಿಯ ದೃಶ್ಯವಾದ ಮೇಲೆ ಮೌನವಾದ. ನಡುರಾತ್ರಿ ಮರಳಿ ಬರುವಾಗ ಹೊಲದ ಬದುವಿನ ಮೇಲೆ ನಿಂತು, “ಅಲ್ಲ ಕಣೋ, ಇದ್ಯೆ ಬಂದ್ರೆ ಕುರೀನ ಮರ್ತ್‌ಬಿಡ್ಬೇಕಾ?” ಎಂದು ಕೇಳಿದ. ಮರುದಿನ ಶಬ್ದಮಂಜರಿಯ ಪಾಠ ಒಪ್ಪಿಸುವಾಗ ಪಂಡಿತರನ್ನೂ ಕೇಳಿದ. ಅವರು ನಕ್ಕು, ಅದು ದೇವಿಯ ಮಹಿಮೆ ಎಂದರು.

ಆ ಪ್ರಶ್ನೆಗೆ ನಮ್ಮ ಪುರಾತನರ ಕಥೆಗಳಲ್ಲಿ ಉತ್ತರವಿದೆ ಎಂದು ನಮಗೆ ತೋರುತ್ತದೆ. ಇದೇ ರಾಜ್‌ಕುಮಾರ್ 1954ರಲ್ಲಿ, ಎಚ್.ಎಲ್.ಎನ್. ಸಿಂಹರ ‘ಬೇಡರ ಕಣ್ಣಪ್ಪ’ದಿಂದ ನಾಯಕನಟರಾಗಿ ಬಂದವರು. ಹರಿಹರನು ರಗಳೆ ಕಟ್ಟಿ ಹಾಡಿದ ಕಣ್ಣಪ್ಪನನ್ನು ನೋಡಿ. ಅವನಿಗೆ ಶಿವನ ಒಲುಮೆ ದೊರೆಯಲು ಬೇಟೆಯನ್ನು ಮರೆಯಬೇಕಾಗಲಿಲ್ಲ. ಬೇಟೆಯ ಮಾಂಸವನ್ನೇ ಅರ್ಪಿಸಿದ, ಬಾಯೊಳಗಿನ ನೀರನ್ನೇ ಮಜ್ಜನಕ್ಕೆರೆದ, ಬೇಡನಾಗಿಯೇ ಕಣ್ಣಿತ್ತ. ಮಂತ್ರ ಬಾರದ ಬಾಯಿಗೆ ಶಿವನು ಮಂತ್ರವನ್ನು ಬರೆಯಲಿಲ್ಲ, ಆ ಬಾಯನ್ನೇ ಒಪ್ಪಿದ. ಕಾಳಿಯ ಅನುಗ್ರಹವನ್ನೂ ಕಣ್ಣಪ್ಪನ ಅನುಗ್ರಹವನ್ನೂ ಒಬ್ಬನೇ ನಟನ ಮುಖದಲ್ಲಿ ಕಂಡ ಕನ್ನಡಿಗರಿಗೆ ಈ ಭೇದ ಗೋಚರವಾಗದೇ ಹೋದದ್ದು ಆಶ್ಚರ್ಯ. ಆ ನಟನ ಬಾಳಾದರೂ ಯಾವ ಅನುಗ್ರಹದ ಕಡೆ ನಿಲ್ಲುತ್ತದೆ? ಗಾಜನೂರಿನ ಮಣ್ಣನ್ನು ಕಡೆಯ ತನಕ ಹಂಬಲಿಸಿದವರು ಅವರು. ಅವರ ನಾಲಗೆಯ ಮೇಲೆ ಬರೆದದ್ದು ಬಹುಕಾಲದ ಅಭ್ಯಾಸ.

ಅಲ್ಲಮಪ್ರಭುವಿನ ಕಥೆಯೂ ಇಲ್ಲಿ ವಿಚಾರಾರ್ಹ. ಹರಿಹರನ ಪ್ರಕಾರ ಅಲ್ಲಮನು ಕಮಲತೆಯನ್ನು ಒಲಿದು ಮದುವೆಯಾಗಿ, ಅವಳು ತೀರಿಕೊಂಡ ಮೇಲೆ ದುಃಖದಿಂದ ಅಲೆಯುತ್ತಿರುವಾಗ ಅನಿಮಿಷಯ್ಯನ ದರ್ಶನವಾಗಿ ಲಿಂಗವನ್ನು ಪಡೆದವನು. ಚಾಮರಸನಿಗೆ ಇದು ಹಿಡಿಸಲಿಲ್ಲ. ಅವನ ‘ಪ್ರಭುಲಿಂಗಲೀಲೆ’ಯ ಅಲ್ಲಮ ಮಾಯೆಯ ಕೈಗೆ ಎಂದೂ ಸಿಕ್ಕವನಲ್ಲ. ಮಠಗಳ ಪುರಾಣಪ್ರವಚನಗಳಲ್ಲಿ ಚಾಮರಸನೇ ಗೆದ್ದಿದ್ದಾನೆ. ಕಾವ್ಯದೃಷ್ಟಿಯಿಂದ ನಾವು ಹರಿಹರನ ಪಕ್ಷ. ಕಮಲತೆಯ ನೆನಪು ಸುಟ್ಟ ದಾರಿಯಲ್ಲಿಯೇ ಅಲ್ಲಮನು ಗುಡಿಯ ಕಳಸವನ್ನು ಕಂಡದ್ದು. ಶರಣರು ಅರಿವಿಗೆ ಎದುರಾಗಿ ಇಟ್ಟ ಮರೆವು ತನ್ನ ನಿಜವನ್ನು ಮರೆಯುವ ಮರೆವು. ಹುಟ್ಟಿದ ರೊಪ್ಪವನ್ನು, ಒಲಿದ ಜೀವವನ್ನು ಅಳಿಸಿಹಾಕುವುದು ಅರಿವಿನ ಲಕ್ಷಣವೆಂದು ಅವರು ಹೇಳಿದ್ದನ್ನು ನಾವು ಕಾಣೆವು.

ಹೀಗೆ ಬರೆಯುವಾಗ ಕೈ ತುಸು ತಡೆಯುವುದುಂಟು. ಪೂರ್ವಾಶ್ರಮದ ಮಾತನ್ನಾಡಬಾರದೆಂಬ ಕಟ್ಟಿಗೆ ಒಳಪಟ್ಟವರು ನಾವು. ಪಟ್ಟಾಧಿಕಾರವಾದ ದಿನ ಆ ಮಿತ್ರ ಸಾಲಿನಲ್ಲಿ ನಿಂತು ಬಂದು ನಮಸ್ಕರಿಸಿ, “ಬುದ್ಧಿ” ಎಂದ. ಅಂದಿನಿಂದ ಅವನ ಬಾಯಲ್ಲಿ “ಕಣೋ” ಎಂಬುದನ್ನು ನಾವು ಕೇಳಲಿಲ್ಲ. ಅವನೇನೂ ಮರೆತಿರಲಿಲ್ಲ, ಪ್ರತಿವರ್ಷ ಜಾತ್ರೆಗೆ ಬಂದಾಗ ಒಂದು ಕಂಬಳಿ ತಂದು ಗದ್ದುಗೆಯ ಪಕ್ಕದಲ್ಲಿ ಇಡುತ್ತಿದ್ದ, ಯಾರ ಕೈಗೂ ಕೊಡುತ್ತಿರಲಿಲ್ಲ. 2021ರಲ್ಲಿ ಅವನು ಲಿಂಗೈಕ್ಯನಾದಂತೆಯೇ ಎಂದು ನಾವು ಭಾವಿಸುವ ರೀತಿಯಲ್ಲಿ, ಶಾಂತನಾಗಿ ಹೋದ.

ಕಳೆದ ವರ್ಷ ನಿಲಯದ ಹುಡುಗರಿಗೆಂದು ಈ ಚಿತ್ರವನ್ನು ತೋರಿಸಿದಾಗ ನಾವೂ ಕುಳಿತಿದ್ದೆವು. ‘ಶಾಕುಂತಲ’ದ ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡನ್ನು ಕೇಳಿದ ದುಷ್ಯಂತ ಕಾರಣವಿಲ್ಲದೆ ಕಳವಳಗೊಂಡು, ರಮ್ಯವಾದುದನ್ನು ಕಂಡು ಕೇಳಿದಾಗ ಸುಖಿಯಾದವನೂ ಹೀಗೆ ಹಂಬಲಿಸುವುದು ಜನ್ಮಾಂತರದ ಸ್ನೇಹಗಳ ನೆನಪಿನಿಂದಲೋ ಎಂದು ಯೋಚಿಸುತ್ತಾನೆ. ಅಭಿನವಗುಪ್ತನು ರಸವಿಚಾರದಲ್ಲಿ ಎತ್ತಿಕೊಂಡ ಸ್ಥಳವಿದು. ಎಂ.ಎ. ತರಗತಿಯಲ್ಲಿ ಇದನ್ನು ವಾಸನಾಸಿದ್ಧಾಂತವೆಂದು ಬರೆದು ಅಂಕ ಪಡೆದಿದ್ದೆವು. ರಂಗರಾಯರ ಸಂಗೀತ ಕೇಳಿಬರುತ್ತಿದ್ದಂತೆ ಅದರ ಅರ್ಥ ಬೇರೊಂದು ರೀತಿಯಲ್ಲಿ ತೆರೆಯಿತು. ಅದಕ್ಕೆ ಜನ್ಮಾಂತರದ ತನಕ ಹೋಗಬೇಕಾಗಿರಲಿಲ್ಲ. ಹುಡುಗರು ಅಂದಿನ ಜನ ನಕ್ಕ ಸ್ಥಳಗಳಲ್ಲಿಯೇ ನಕ್ಕರು.

ನಮ್ಮ ಮಿತ್ರ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದ. ಮಕ್ಕಳಿಗೆ ‘ಶಾಕುಂತಲ’ದ ಕಥೆ ಹೇಳುವಾಗ ಅವನು ಆಶ್ರಮದಿಂದ ಆರಂಭಿಸುತ್ತಿರಲಿಲ್ಲವಂತೆ. ಆರನೆಯ ಅಂಕದ ಬೆಸ್ತನಿಂದ ಆರಂಭಿಸುತ್ತಿದ್ದ. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕವನನ್ನು ಕಾವಲಿನವರು ಹಿಡಿದು ಅವನ ಕಸುಬನ್ನು ಹಳಿಯುತ್ತಾರೆ. ಹುಟ್ಟಿನಿಂದ ಬಂದ ಕೆಲಸ ಹೀನವೆನಿಸಿದರೂ ಬಿಡತಕ್ಕದ್ದಲ್ಲವೆಂದು ಅವನು ಎದುರುತ್ತರ ಕೊಡುತ್ತಾನೆ. ಕುಲಕ್ಕೊಂದು ಕಸುಬೆಂದು ಕಟ್ಟುವ ಆ ಮಾತಿನಲ್ಲಿ ಶರಣರ ಮಕ್ಕಳು ಒಪ್ಪಲಾಗದ ಅಂಶವೂ ಉಂಟು. ನಮ್ಮ ಮಿತ್ರ ಹಿಡಿದುಕೊಂಡದ್ದು ಅದನ್ನಲ್ಲ. ಚಕ್ರವರ್ತಿಯ ನೆನಪು ಮರಳಿ ಬಂದದ್ದು ಮೀನು ನಾರುವ ಕೈಯಿಂದ ಎಂಬುದನ್ನು. ಅವನು ಪಾಠ ಹೇಳುತ್ತಿದ್ದ ಬಸವಪ್ಪ ಶಾಸ್ತ್ರಿಗಳ ಶಾಕುಂತಲದ ಪ್ರತಿಯನ್ನು ಮನೆಯವರು ಮಠಕ್ಕೆ ಒಪ್ಪಿಸಿದ್ದಾರೆ. ಆರನೆಯ ಅಂಕದ ಹಾಳೆಗಳು ಮಾತ್ರ ಸವೆದು ಸಡಿಲಾಗಿದ್ದುವು. ಹೊಲಿಸಿ, ರಟ್ಟು ಕಟ್ಟಿಸಿ ಗ್ರಂಥಭಂಡಾರದಲ್ಲಿ ಇರಿಸಿದೆ. ಹಳೆಯ ವಿದ್ಯಾರ್ಥಿಗಳು ಕೇಳಿ ಪಡೆದು ಓದಬಹುದು.